ಎಡಗಡೆ ಆರು ಸುತ್ತು

ಕಿರ್ರ್ ಅಂತ ಒಂದು ಸದ್ದು, ಆಮೇಲೆ ಟಕ್, ಮತ್ತೆ ಕಿರ್ರ್ — ಬಳೆ ತಿರುಗುತ್ತಿದೆ, ಸದ್ಯ, ನಿನ್ನೆ ಮಧ್ಯಾಹ್ನದಿಂದ ಎಣ್ಣೆ ಕುಡಿಸಿದ್ದು ಸಾರ್ಥಕವಾಯಿತು, ಇಲ್ಲದಿದ್ದರೆ ರಸ್ತೆಯ ಕೆಸರು ಕಚ್ಚಿಕೊಂಡು ಕೂತ ಈ ಬಳೆ ಯಾರಪ್ಪನ ಮಾತನ್ನೂ ಕೇಳುವುದಿಲ್ಲ, ಮೇಸ್ತ್ರಿ ಗೋಣಿ ಚೀಲದ ಮೇಲೆ ಅಂಗಾತ ಬಿದ್ದುಕೊಂಡು ಗಾಡಿಯ ಹೊಟ್ಟೆ ನೋಡುತ್ತಿದ್ದಾನೆ, ಕಣ್ಣಿಗೆ ಮಣ್ಣಿನ ಪುಡಿ ಉದುರುತ್ತಿದೆ, ಒರೆಸಿಕೊಳ್ಳೋಣವೆಂದರೆ ಎರಡೂ ಕೈಗೆ ಗ್ರೀಸು, ಉದುರಲಿ ಬಿಡು, ಇಪ್ಪತ್ತೆಂಟು ವರ್ಷದಿಂದ ಉದುರಿದ್ದು ಇವತ್ತೇನು ಹೊಸದೇ, ಒಂಬತ್ತು, ಹತ್ತು, ಎಣಿಕೆ ತಪ್ಪಬಾರದು, ತಪ್ಪಿದರೆ ಮತ್ತೆ ತಳಕ್ಕೆ ಇಳಿಸಿ ಮೊದಲಿಂದ ಎಣಿಸಬೇಕು, ಅಷ್ಟು ಜೀವ ಈ ಭುಜದಲ್ಲಿ ಉಳಿದಿಲ್ಲ. ಬಳೆ ಎಂದರೆ ಸ್ಪ್ರಿಂಗಿನ ಕೆಳಗೆ ಕೂತ ಉಕ್ಕಿನ ಬಳೆ, ಮೇಲಕ್ಕೆ ತಿರುಗಿಸಿದರೆ ಗಾಡಿ ಏಳುತ್ತದೆ, ಕೆಳಕ್ಕೆ ತಿರುಗಿಸಿದರೆ ಗಾಡಿ ಕೂರುತ್ತದೆ, ಒಂದು ಸುತ್ತಿಗೆ ಎರಡು ಮಿಲಿಮೀಟರ್, ಇಷ್ಟೇ ಅವನ ವಿದ್ಯೆ, ಇಷ್ಟನ್ನೇ ಮಾಡಿಕೊಂಡು ಸ್ಪ್ರಿಂಗ್ ಮೇಸ್ತ್ರಿ ಅನ್ನಿಸಿಕೊಂಡ, ಸ್ವಂತ ಹೆಸರು ಹಿಡಿದು ಕರೆಯುವವರು ಈಗ ಆಸ್ಪತ್ರೆಯ ಚೀಟಿ ಕೂಗುವವರು ಮಾತ್ರ. ಹದಿನಾಲ್ಕು, ಹದಿನೈದು — ಇಲ್ಲಿಗೆ ಪಾಸಿಂಗಿಗೆ, ಅಂದರೆ ಸರ್ಕಾರದ ಗಾಡಿ ಪರೀಕ್ಷೆಗೆ, ಬೇಕಾದ ಎತ್ತರ ಬಂತು, ಆದರೆ ಕೈ ನಿಲ್ಲುವುದಿಲ್ಲ, ಬಲಗಡೆ ತನ್ನ ಭಾರಕ್ಕೆ ಅಂತ ಇನ್ನೂ ಏಳು ಸುತ್ತು ಹಾಕಿಯಾಗಿದೆ, ಎಡಗಡೆ ಹೆಂಡತಿಯ ಭಾರಕ್ಕೆ ಆರು, ಹತ್ತು ಕಿಲೋಗೆ ಒಂದು ಸುತ್ತು, ಇಬ್ಬರೂ ಹತ್ತಿ ಕೂತರೆ ಗಾಡಿ ಆಚೆ ಈಚೆ ವಾಲದೆ ಸಮನಾಗಿ ನಿಲ್ಲಬೇಕು, ಈ ಲೆಕ್ಕ ಅವನು ತಲೆಯಲ್ಲಿ ಮಾಡುವುದಿಲ್ಲ, ಮಣಿಕಟ್ಟೇ ಮಾಡುತ್ತದೆ, ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು, ಆಯಿತು, ಮುಂದಿನ ಚಕ್ರ ಮುಗಿಯಿತು, ಇನ್ನು ಹಿಂದಿನದು, ಅಯ್ಯೋ ನನ್ನ ಸೊಂಟವೇ ಎಂದುಕೊಂಡು ಗೋಣಿಯನ್ನೂ ತನ್ನನ್ನೂ ಒಟ್ಟಿಗೆ ಹಿಂದಕ್ಕೆ ಎಳೆದುಕೊಂಡ.

ಬಾಗಿಲಲ್ಲಿ ಗಾಲಿಕುರ್ಚಿಯ ಎರಡು ಚಕ್ರ ಕಾಣುತ್ತವೆ, ಅವುಗಳ ನಡುವೆ ಅವಳ ಚಪ್ಪಲಿ, ಗಾಡಿಯ ಅಡಿಯಿಂದ ನೋಡುವವನಿಗೆ ಹೆಂಡತಿ ಎಂದರೆ ಅಷ್ಟೇ, ಆದರೆ ಮಾತು ಪೂರ್ತಿ ಕೇಳುತ್ತದೆ, ಏನ್ ಮೇಸ್ತ್ರಿ, ಇವತ್ತಾದ್ರೂ ಪಾಸಾಗ್ತೀರಾ, ಮೂರನೇ ಸಲಾನೂ ಫೇಲಾದ್ರೆ ಶಾಲೆ ಬಿಡಿಸ್ತಾರೆ ನೋಡಿ, ಅವನು ಹೂಂ ಅನ್ನುತ್ತಾನೆ, ಅವಳು ದರ್ಜಿ ಕೆಲಸದವಳು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡಿ ಅಭ್ಯಾಸ, ಅದಕ್ಕೇ ಮಾತು ಚಿಕ್ಕದು ಮೊನೆ ಜಾಸ್ತಿ. ಹನ್ನೆರಡು ವರ್ಷದ ಹಿಂದೆ ಸೊಂಟದ ಕೆಳಗೆ ಬಲ ಹೋಗತೊಡಗಿದಾಗ ಅವನು ಅವಳನ್ನು ಎತ್ತಿ ಕೂರಿಸುತ್ತಿದ್ದ, ಎತ್ತಿ ಇಳಿಸುತ್ತಿದ್ದ, ಅದೇನು ದೊಡ್ಡ ವಿಷಯ ಅಂದುಕೊಂಡಿದ್ದ, ಗೇರ್‌ಬಾಕ್ಸ್ ಎತ್ತುವವನಿಗೆ ಹೆಂಡತಿ ಭಾರವೇ, ಒಂದು ದಿನ ಆಸ್ಪತ್ರೆಯ ಗೇಟಿನ ಮುಂದೆ, ಸಾಲಾಗಿ ಕೂತ ಜನರ ಎದುರು ಅವಳನ್ನು ತೋಳಲ್ಲಿ ಎತ್ತಿಕೊಂಡು ಇಳಿಸಿದ, ಅವಳ ಸೀರೆ ಮೊಣಕಾಲ ತನಕ ಸರಿದಿತ್ತು, ಅವನು ಗಮನಿಸಲಿಲ್ಲ, ಅವಳು ಎರಡು ದಿನ ಮಾತು ಬಿಟ್ಟಳು, ಮೂರನೇ ದಿನ ಹೇಳಿದಳು, ಮೂಟೆ ಇಳಿಸ್ದಂಗೆ ಇಳಿಸ್ಬೇಡ್ರಿ ನನ್ನ, ನಾನೇ ಹತ್ತೋ ಹಾಗೆ ಏನಾದ್ರೂ ಮಾಡಿ, ನೀವು ಮೇಸ್ತ್ರಿ ಅಲ್ವಾ. ಅವತ್ತು ಅವಳ ಹೊಲಿಗೆ ಟೇಪನ್ನೇ ತಗೊಂಡು ಕುರ್ಚಿಯ ಎತ್ತರ ಅಳೆದ, ಕಾರಿನ ಸೀಟಿನ ಎತ್ತರ ಅಳೆದ, ಕಾರು ಮೂರು ಸೆಂಟಿಮೀಟರ್ ಜಾಸ್ತಿ, ಕುರ್ಚಿ ಎತ್ತರ ಮಾಡಿದರೆ ಅವಳ ಹೊಲಿಗೆ ಯಂತ್ರಕ್ಕೆ ಮೊಣಕಾಲು ತಾಕುತ್ತಿತ್ತು, ಆಗಿನ್ನೂ ದಿನಕ್ಕೆ ಎಂಟು ಗಂಟೆ ಯಂತ್ರದ ಮುಂದೆ ಇರುತ್ತಿದ್ದಳು, ಹಾಗಾಗಿ ಕಾರನ್ನೇ ಇಳಿಸಿದ, ಸ್ಪ್ರಿಂಗ್ ಬದಲಾಯಿಸಿ ಈ ಬಳೆಗಳನ್ನು ಹಾಕಿ ಇಳಿಸಿದ, ಅವಳು ಕುರ್ಚಿಯಿಂದ ಸೀಟಿಗೆ ಒಂದೇ ಸಲಕ್ಕೆ ಸರಿದು ಕೂತು ಸ್ವತಃ ಬಾಗಿಲು ಎಳೆದುಕೊಂಡಳು, ಆ ಬಾಗಿಲು ಹಾಕಿದ ಸದ್ದು ಕೇಳಿ ಅವನಿಗೆ ಕಣ್ಣಲ್ಲಿ ನೀರು ಬಂತು, ಗ್ರೀಸ್ ಹೋಯ್ತು ಕಣೇ ಕಣ್ಣಿಗೆ ಅಂದ. ಆಮೇಲೆ ಗಾಡಿ ಅವಳ ಕಡೆ ವಾಲುತ್ತಿದೆ ಅನ್ನಿಸಿ, ನಿನ್ನ ತೂಕ ಎಷ್ಟೇ ಅಂತ ಕೇಳಿದ, ಅರವತ್ತೆರಡು, ಯಾರಿಗೂ ಹೇಳ್ಬೇಡಿ ಅಂದಳು, ಅವನು ಯಾರಿಗೂ ಹೇಳಲಿಲ್ಲ, ಎಡಗಡೆ ಆರು ಸುತ್ತು ತಿರುಗಿಸಿದ. ರಸ್ತೆಯಲ್ಲಿ ಹೋಗುವ ಪಡ್ಡೆಗಳು ನೆಲಕ್ಕೆ ತಗ್ಗಿಸಿದ ಕಾರು ನೋಡಿ, ಅಂಕಲ್, ಈ ವಯಸ್ಸಲ್ಲಿ ಶೋಕಿ ಜೋರು ಅನ್ನುತ್ತಿದ್ದರು, ಅವಳು ಕಿಟಕಿ ಇಳಿಸಿ, ಹೌದಪ್ಪಾ ನಮ್ಮೆಜಮಾನ್ರಿಗೆ ಈಗ ಹರೆಯ ಬಂದಿದೆ ಅನ್ನುತ್ತಿದ್ದಳು, ಒಂದೊಂದು ಉಬ್ಬಿಗೂ ಗಾಡಿಯ ಹೊಟ್ಟೆ ಉಜ್ಜುತ್ತಿತ್ತು, ಇಬ್ಬರಿಗೂ ಅದು ಅಭ್ಯಾಸವಾಯಿತು.

ಈ ಪಾಸಿಂಗ್ ಎರಡು ವರ್ಷಕ್ಕೊಮ್ಮೆ ಬರುವ ಜ್ವರ, ಪರೀಕ್ಷೆಗೆ ಮುಂಚೆ ಗಾಡಿ ಎತ್ತಬೇಕು, ಪಾಸಾದ ಮೇಲೆ ಇಳಿಸಬೇಕು, ಐದು ಸಲ ಎತ್ತಿ ಐದು ಸಲ ಇಳಿಸಿದ್ದಾನೆ, ಆಗೆಲ್ಲ ಒಬ್ಬ ಹಳೇ ಇನ್ಸ್‌ಪೆಕ್ಟರ್ ಇದ್ದ, ದೂರದಲ್ಲೇ ನಿಂತು ಕಣ್ಣಳತೆಯಲ್ಲಿ ನೋಡಿ ಹೂಂ ಹೋಗಿ ಅನ್ನುತ್ತಿದ್ದ, ಅವನು ರಿಟೈರಾದ, ಈಗ ಬಂದಿರುವ ಮೇಡಂ ವಯಸ್ಸು ಮೂವತ್ತೂ ಇಲ್ಲ, ಒಂಬತ್ತು ಸೆಂಟಿಮೀಟರ್ ಎತ್ತರದ ಒಂದು ಮರದ ತುಂಡು ಇಟ್ಟುಕೊಂಡಿದ್ದಾಳೆ, ಅದು ಗಾಡಿಯ ಅಡಿಯಲ್ಲಿ ಈ ತುದಿಯಿಂದ ಆ ತುದಿಗೆ ಹಾಯಬೇಕು, ಹಾಯದಿದ್ದರೆ ಫೇಲು. ಮೊದಲನೇ ಸಲ ಸೈಲೆನ್ಸರಿಗೆ ತಗುಲಿ ನಿಂತಿತು, ಸರಿ, ಕಮ್ಮಿ ಎತ್ತಿದ್ದ, ಒಪ್ಪಿಕೊಂಡ. ಎರಡನೇ ಸಲದ್ದು ಹೇಳಿಕೊಳ್ಳಲಿಕ್ಕೇ ನಾಚಿಕೆ, ಜಾಕಿನಿಂದ ಇಳಿಸಿದ ಕೂಡಲೇ ಅಳತೆ ಹಿಡಿದು ಸರಿ ಇದೆ ಅಂತ ಹೊರಟುಬಿಟ್ಟ, ಜಾಕಿನಿಂದ ಇಳಿದ ಗಾಡಿ ನಾಲ್ಕು ಹೆಜ್ಜೆ ಓಡಿದ ಮೇಲಷ್ಟೇ ಪೂರ್ತಿ ಕೂರುತ್ತದೆ, ಅದನ್ನು ಕೆಲಸ ಕಲಿಯುವವನಿಗೆ ಮೊದಲನೇ ವಾರ ಹೇಳಿಕೊಡುತ್ತಾರೆ, ಹೇಳಿಕೊಡುತ್ತಿದ್ದವನೂ ಇವನೇ, ಆಯಾಸ ಅಂದರೆ ಇದು, ಗೊತ್ತಿರುವುದನ್ನೇ ಮರೆಸುತ್ತದೆ. ಮೂರನೇ ಸಲ ಫೇಲಾದರೆ ನಂಬರು ರದ್ದು, ಗಾಡಿ ಗುಜರಿಗೆ, ಈ ವಯಸ್ಸಿನ ಗಾಡಿಗೆ ಹೊಸ ನಂಬರು ಯಾರೂ ಕೊಡುವುದಿಲ್ಲ, ಬೇರೆ ಗಾಡಿಗೆ ಈ ಬಳೆ ಕೂರುವುದಿಲ್ಲ, ಆಮೇಲೆ ಅವಳಿಗೆ ಆಂಬುಲೆನ್ಸಿನ ಮಂಚವೇ ಗತಿ. ಇನ್ನೊಂದು ಹೊಸ ಕಾಟ, ಪಾಸಾದ ಮೇಲೆ ಬಳೆಗಳಿಗೆ ಹಳದಿ ಬಣ್ಣದ ಗುರುತು ಹಾಕುತ್ತಾರಂತೆ, ಆಮೇಲೆ ಎರಡು ವರ್ಷ ಮುಟ್ಟುವ ಹಾಗಿಲ್ಲ, ಗುರುತು ಒಡೆದಿದ್ದರೆ ದಾರಿಯಲ್ಲಿ ಹಿಡಿದ ಪೊಲೀಸ್ ಅಲ್ಲೇ ಗಾಡಿ ನಿಲ್ಲಿಸಿಕೊಳ್ಳುತ್ತಾನೆ, ಅದನ್ನು ಕೇಳಿ ಬಂದ ದಿನ ಅವನು ಊಟ ಬಿಟ್ಟು ಮಲಗಿದ, ಅವಳು ಅತ್ತ ಕಡೆಯಿಂದ ಹೇಳಿದಳು, ಅದಕ್ಯಾಕಿಷ್ಟು ತಲೆ ಕೆಡಿಸ್ಕೊಳ್ತೀರಿ, ಗಾಡಿ ಮೂರು ಸೆಂಟಿಮೀಟರ್ ಎದ್ರೆ ನಾನೂ ಮೂರು ಸೆಂಟಿಮೀಟರ್ ಏಳ್ತೀನಿ, ಈಗ ಯಂತ್ರದ ಮುಂದೆ ಎಷ್ಟೊತ್ತು ಕೂರ್ತೀನಿ ನಾನು. ಒಂದು ವಾರ ಹಿಡಿದು ಗಟ್ಟಿ ದಿಂಬು ಹೊಲಿದಳು, ಮೂರು ಪದರ, ಅಂಚಿಗೆ ಎರಡು ಸಾಲು ಹೊಲಿಗೆ, ಮಧ್ಯೆ ಮಧ್ಯೆ ಸುಸ್ತಾಗಿ ಯಂತ್ರದ ಮೇಲೆ ತಲೆ ಇಟ್ಟುಕೊಳ್ಳುತ್ತಿದ್ದಳು, ಅದೇ ವಾರ ತನ್ನ ನಾಲ್ಕು ರವಿಕೆಗಳನ್ನೂ ಬಿಚ್ಚಿ ಮತ್ತೆ ಬಿಗಿ ಮಾಡಿಕೊಂಡಳು, ಹೋದ ವರ್ಷ ಒಂದು ಸಲ ಮಾಡಿದ್ದಳು, ಅದರ ಹಿಂದಿನ ವರ್ಷವೂ, ಅವಳ ಕತ್ತರಿಗೆ ಎಲ್ಲ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲವೇ, ಗೊತ್ತಿತ್ತು, ನಾದಿನಿ ಕಳೆದ ತಿಂಗಳು ಆಸ್ಪತ್ರೆಯಿಂದ ಅಕ್ಕನನ್ನು ಕರೆದುಕೊಂಡು ಬಂದವಳು ಅಡಿಗೆಮನೆಗೆ ಅವನನ್ನು ಕರೆದು, ಭಾವ, ತೂಕ ನಲವತ್ತೊಂದಕ್ಕೆ ಬಂದಿದೆ, ಡಾಕ್ಟ್ರು ಏನೂ ಹೇಳ್ಲಿಲ್ಲ, ಸುಮ್ನೆ ಬರ್ಕೊಂಡ್ರು ಅಂದಳು, ಅವನು ನಲ್ಲಿಯ ವಾಷರ್ ಬದಲಾಯಿಸುತ್ತಿದ್ದ, ಹೂಂ ಅಂದ, ವಾಷರ್ ಬಿಗಿ ಮಾಡಿದ, ನಲ್ಲಿ ಸೋರುವುದು ನಿಂತಿತು.

ಗಾಡಿ ಸ್ಟಾರ್ಟ್ ಮಾಡಿದ, ಈ ಸಲ ಬುದ್ಧಿ ಬಂದಿದೆ, ಸೀದಾ ಹೋಗದೆ ಮೂರು ಕಿಲೋಮೀಟರ್ ಸುತ್ತುಹಾದಿ ಹಿಡಿದ, ಹಳ್ಳ ಇರುವ ರಸ್ತೆಯನ್ನೇ ಹುಡುಕಿ ಗಾಡಿಯನ್ನು ಕುಣಿಸಿದ, ಕೂರಲಿ, ಪೂರ್ತಿ ಕೂರಲಿ, ಎತ್ತರಕ್ಕೆ ಏರಿದ ಗಾಡಿಯಲ್ಲಿ ರಸ್ತೆ ಬೇರೆ ಥರ ಕಾಣುತ್ತದೆ, ಮುಂದಿನ ಕಾರಿನ ಡಿಕ್ಕಿಯ ಬದಲು ಅದರ ಹಿಂದಿನ ಗಾಜು, ಗಾಜಿನಲ್ಲಿ ಯಾರದೋ ಕುತ್ತಿಗೆ, ಉಬ್ಬು ಬಂತು, ಅಭ್ಯಾಸದಂತೆ ಭುಜ ಬಿಗಿಯಾಯಿತು, ಉಜ್ಜಲಿಲ್ಲ, ಪಕ್ಕದಿಂದ ಉಜ್ತು ಅನ್ನುವ ಮಾತೂ ಬರಲಿಲ್ಲ. ಹೊರಡುವಾಗ ಕುರ್ಚಿಯನ್ನು ಗೇಟಿನ ತನಕ ತಳ್ಳಿಸಿಕೊಂಡು ಬಂದು ಅವಳು ಹೇಳಿದ್ದು, ಪಾಸಾದ್ರೆ ಸೀದಾ ಮನೆಗೆ ಬನ್ನಿ, ನೂಲಿನಂಗಡಿಗೆ ಹೋಗ್ಬೇಕು, ಇವಳು ತಂದ ನೀಲಿ ಒಂದೂ ಬಟ್ಟೆಗೆ ಹೊಂದಲ್ಲ, ನಾದಿನಿ ಹಿಂದಿನಿಂದ, ಅಕ್ಕಾ ನೀಲಿ ಅಂದ್ರೆ ನೀಲಿ ತಾನೇ, ಇಲ್ಲ ಕಣೇ, ನೀಲಿ ಅಂದ್ರೆ ಇಪ್ಪತ್ತು, ನಾನೇ ನೋಡಿ ಆರಿಸ್ಬೇಕು, ಏಳು ತಿಂಗ್ಳಾಯ್ತು ಆ ಅಂಗಡಿ ಮೆಟ್ಟಿಲು ನೋಡಿ, ಅವನು ಲೆಕ್ಕ ಹಾಕಿದ, ಏಳು ತಿಂಗಳೇ, ಆಸ್ಪತ್ರೆಗೆ ಬಿಟ್ಟರೆ ಅವಳು ಎಲ್ಲಿಗೂ ಹೋಗಿಲ್ಲ, ಅವನೂ ಎಲ್ಲಿಗೂ ಕರೆದುಕೊಂಡು ಹೋಗಿಲ್ಲ, ಕೆಲಸ ಕೆಲಸ ಅಂದ, ಸುಸ್ತು ಅಂದ, ನಾಳೆ ಅಂದ. ಸುಸ್ತು ಮಾತ್ರ ಸುಳ್ಳಲ್ಲ, ಬೆಳಿಗ್ಗೆ ಐದಕ್ಕೆ ಏಳಬೇಕು, ಅವಳ ಮೈ ಒರೆಸಬೇಕು, ಮಗ್ಗುಲು ಬದಲಾಯಿಸಬೇಕು, ಅಂಗಡಿ ತೆಗೆಯಬೇಕು, ಮಧ್ಯಾಹ್ನ ಒಂದು ಸಲ ಮನೆಗೆ ಓಡಬೇಕು, ಸಿಡುಕಬಾರದು, ಸಿಡುಕುತ್ತಾನೆ, ಆಮೇಲೆ ಸಿಡುಕಿದ್ದಕ್ಕೆ ತನ್ನ ಮೇಲೇ ಸಿಡುಕುತ್ತಾನೆ, ಸಿಗ್ನಲ್ಲಿನಲ್ಲಿ ಕಣ್ಣು ಮುಚ್ಚಿದರೆ ಹಿಂದಿನವನು ಹಾರ್ನ್ ಹೊಡೆಯುವ ತನಕ ತೆರೆಯುವುದಿಲ್ಲ, ಎಲ್ಲ ಒಂದು ದಿನ ನಿಂತುಹೋದರೆ ಸಾಕಪ್ಪಾ ಅನ್ನಿಸುತ್ತದೆ, ಎಲ್ಲ ಅಂದರೆ ಏನು ಎಂದು ಅವನು ಯಾವತ್ತೂ ತನ್ನನ್ನು ಕೇಳಿಕೊಂಡಿಲ್ಲ. ಬಲಕ್ಕೆ ತಿರುಗಿದರೆ ಪಾಸಿಂಗ್ ಯಾರ್ಡಿನ ಗೇಟು, ಒಳಗೆ ಆರು ಗಾಡಿ ಸಾಲು ನಿಂತಿದ್ದವು, ಇವನದು ಏಳನೆಯದು.

ಯಜಮಾನ್ರೇ, ಮತ್ತೆ ನೀವೇನಾ ಅಂದಳು ಮೇಡಂ, ಕೆಟ್ಟದಾಗಿ ಅಲ್ಲ, ನಗುತ್ತಲೇ, ಗುರುತಿಟ್ಟುಕೊಂಡಿದ್ದಾಳೆ, ಇಳೀಬೇಡಿ, ಓಡಿಸೋರು ಒಬ್ರೇ ಒಳಗಿರ್ಬೇಕು, ಹ್ಯಾಂಡ್‌ಬ್ರೇಕ್ ಬಿಡಿ, ಸ್ಟಿಯರಿಂಗ್ ನೇರ ಇಟ್ಕೊಳ್ಳಿ, ಮರದ ತುಂಡು ಮುಂದಿನಿಂದ ಒಳಗೆ ಹೋಯಿತು, ಅವನು ಕಣ್ಣು ಮುಚ್ಚಿಕೊಂಡು ಸದ್ದಿಗೆ ಕಾದ, ನೆಲಕ್ಕೆ ಉಜ್ಜುವ ಸದ್ದು ಮಾತ್ರ, ಕಬ್ಬಿಣಕ್ಕೆ ತಾಕುವ ಸದ್ದು ಇಲ್ಲ, ಹಿಂದೆ ಆಚೆ ಬಂತು, ಎತ್ತರ ಓಕೆ ಅಂದಳು, ಅಬ್ಬಾ, ಎದೆಯಲ್ಲಿ ಎರಡು ತಿಂಗಳಿಂದ ಕೂತಿದ್ದ ಕಲ್ಲು ಒಂದಿಷ್ಟು ಸರಿಯಿತು, ಮುಗಿಯಿತಲ್ಲ, ಇನ್ನೇನು ದೀಪ ಬ್ರೇಕು ಹಾರ್ನು, ಅದೆಲ್ಲ ಸರಿ ಇದೆ. ಆಗ ಅವಳು ಬಾನೆಟ್ಟಿನ ಮೇಲೆ ಅಡ್ಡಕ್ಕೆ ಒಂದು ರಸಮಟ್ಟ ಇಟ್ಟಳು, ಗೋಡೆ ಕಟ್ಟುವವರ ಕೈಯಲ್ಲಿ ಇರುತ್ತದಲ್ಲ, ಹಳದಿ ಪಟ್ಟಿ, ನಡುವೆ ಗಾಜಿನ ಕೊಳವೆ, ಕೊಳವೆಯಲ್ಲಿ ಹಸಿರು ನೀರು, ನೀರಲ್ಲಿ ಒಂದು ಗುಳ್ಳೆ, ಗುಳ್ಳೆ ಎರಡು ಕಪ್ಪು ಗೆರೆಗಳ ನಡುವೆ ನಿಲ್ಲಬೇಕು, ನಿಲ್ಲಲಿಲ್ಲ, ಎಡಕ್ಕೆ ಸರಿಯಿತು, ಹೆಂಡತಿ ಕೂರುವ ಕಡೆಗೆ, ಅಲ್ಲೇ ತುದಿಗೆ ಅಂಟಿಕೊಂಡು ಕೂತಿತು. ಮೇಡಂ ಬಗ್ಗಿ ಎರಡೂ ಕಡೆ ಟೇಪು ಹಿಡಿದಳು, ಯಜಮಾನ್ರೇ, ಎಡಗಡೆ ಹನ್ನೆರಡು ಮಿಲಿಮೀಟರ್ ಜಾಸ್ತಿ ಇದೆ, ಎಂಟರ ತನಕ ಬಿಡ್ತೀವಿ, ಅದಕ್ಕಿಂತ ಮೇಲೆ ಆಗಲ್ಲ, ಸ್ಪ್ರಿಂಗ್ ಏನಾದ್ರೂ ಮುರಿದಿದ್ಯಾ, ಮುರಿದಿಲ್ಲ ಮೇಡಂ ಅಂದ, ಪಕ್ಕದಲ್ಲಿ ಒಬ್ರು ಕೂರ್ತಾರೆ, ಅವ್ರಿಗೆ ಅಂತ ಹಾಕಿದ್ದು, ಅವರು ಕೂತ್ರೆ ಸಮ ಆಗುತ್ತೆ. ಎಷ್ಟು ಭಾರ ಅವರು ಅಂದಳು, ಕುತೂಹಲಕ್ಕೆ, ಕೆಲಸ ಗೊತ್ತಿರುವವರಿಗೆ ಬರುವ ಕುತೂಹಲ ಅದು, ಅರವತ್ತೆರಡು ಎಂದು ಅವನ ಬಾಯಿ ಹೇಳಿತು, ಹನ್ನೆರಡು ವರ್ಷ ಯಾರಿಗೂ ಹೇಳದ ಅಂಕಿ, ಹೇಳಿದ ಮೇಲೆ ಅದು ಸುಳ್ಳೆಂದು ಕಿವಿಗೆ ಕೇಳಿಸಿತು, ಇಪ್ಪತ್ತೊಂದು ಕಿಲೋ ಎಲ್ಲಿ ಹೋಯಿತು, ಅಂದರೆ ಎಷ್ಟೋ ದಿನದಿಂದ ಅವಳು ಕೂತರೂ ಗಾಡಿ ಸಮ ನಿಲ್ಲುತ್ತಿರಲಿಲ್ಲ, ಇಬ್ಬರೂ ಓರೆಯಾಗಿಯೇ ಓಡಾಡಿದ್ದೇವೆ, ಗಾಡಿ ಕಂಡ ಕೂಡಲೇ ವಾಲಿದೆಯೋ ಇಲ್ಲವೋ ಹೇಳುವ ಸ್ಪ್ರಿಂಗ್ ಮೇಸ್ತ್ರಿಗೆ ಸ್ವಂತ ಗಾಡಿ ವಾಲಿದ್ದು ಕಾಣಲಿಲ್ಲ, ಎಲ್ಲಿಯ ಮೇಸ್ತ್ರಿ, ಬೋರ್ಡು ಇಳಿಸಬೇಕು. ಚೆನ್ನಾಗಿ ಹಾಕಿದೀರಿ, ಆದ್ರೆ ರೂಲ್ಸಲ್ಲಿ ಓಡಿಸೋರು ಒಬ್ರೇ ಅಂತಿದೆ, ನಾನೇನು ಮಾಡ್ಲಿ ಹೇಳಿ, ಬರೆದ್ರೆ ನಿಮಗೆ ಮೂರನೇದು ಆಗುತ್ತೆ, ಇನ್ನೂ ಬರೆದಿಲ್ಲ, ಊಟಕ್ಕೆ ಎದ್ದೇಳೋಕೆ ಮುಂಚೆ ಅರ್ಧ ಗಂಟೆ ಇದೆ, ಗೋಡೆ ಹಿಂದೆ ನೆರಳಿದೆ, ಸರಿ ಮಾಡ್ಕೊಂಡ್ ಬನ್ನಿ ಅಂದಳು, ಒಳ್ಳೆಯವಳು, ಅವನು ಗಾಡಿಯನ್ನು ಗೋಡೆಯ ಹಿಂದಕ್ಕೆ ತಿರುಗಿಸಿದ.

ಗೋಡೆಯ ಹಿಂದೆ ಯಾರೋ ಬಿಟ್ಟುಹೋದ ಬೋಳು ಟೈರುಗಳ ರಾಶಿ, ಒಂದು ನಾಯಿ ಅದರೊಳಗೆ ಮಲಗಿತ್ತು, ಇವನನ್ನು ನೋಡಿ ಒಂದು ಕಣ್ಣು ತೆರೆದು ಮುಚ್ಚಿತು, ಡಿಕ್ಕಿಯಿಂದ ಜಾಕು ಇಳಿಸಿದ, ಗೋಣಿ ತಂದಿಲ್ಲ, ಅಂಗಿ ಹಾಳಾಗಲಿ, ಎಡಗಡೆ ಎತ್ತಿದ, ಚಕ್ರದ ಹಿಂದೆ ಕೈ ತೂರಿಸಿ ಕೊಕ್ಕೆ ಸ್ಪ್ಯಾನರ್ ಬಳೆಗೆ ಸಿಕ್ಕಿಸಿದ, ಕೆಳಕ್ಕೆ ತಿರುಗಿಸಬೇಕು, ಕೆಳಕ್ಕೆ ಎಂದರೆ ಅವಳ ಭಾರವನ್ನು ಗಾಡಿಯಿಂದ ತೆಗೆಯಬೇಕು, ಒಂದು ಸುತ್ತು, ಹತ್ತು ಕಿಲೋ, ಐವತ್ತೆರಡು ಉಳಿಯಿತು, ಅಷ್ಟಿದ್ದದ್ದು ಯಾವಾಗ, ಹಳೇ ಬಾಡಿಗೆ ಮನೆ ಬಿಟ್ಟ ವರ್ಷ ಇರಬೇಕು, ಹೊಸ ಮನೆಯ ಬಾಗಿಲು ಅಗಲ ಇದೆ ಅಂತ ಕುರ್ಚಿಯಲ್ಲಿ ಮೂರು ಸಲ ಒಳಗೆ ಹೊರಗೆ ಓಡಾಡಿದ್ದಳು, ಎರಡು ಸುತ್ತು, ನಲವತ್ತೆರಡು, ಇದು ಈಗಿನದು, ನಾದಿನಿ ಅಡಿಗೆಮನೆಯಲ್ಲಿ ಹೇಳಿದ್ದು, ಒಂದು ಕಿಲೋ ಆಚೀಚೆ. ಇಲ್ಲಿಗೆ ನಿಲ್ಲಿಸಬಹುದು, ಸ್ಪ್ಯಾನರ್ ಹಿಡಿದುಕೊಂಡು ಹಾಗೇ ಕೂತ, ನಾಲ್ಕು ಸುತ್ತು ಉಳಿದರೆ ವ್ಯತ್ಯಾಸ ಎಂಟು ಮಿಲಿಮೀಟರ್, ಎಂಟರ ತನಕ ಬಿಡ್ತೀವಿ ಅಂದಿದ್ದಾಳೆ, ಸರಿಯಾಗಿ ಎಂಟು, ಕೂದಲೆಳೆ ಆಚೆ ಇಲ್ಲ, ಈಗಿರುವ ಅವಳು ಈಗಿರುವ ಹಾಗೇ ಗಾಡಿಯಲ್ಲಿ ಉಳಿಯುತ್ತಾಳೆ, ಎರಡು ವರ್ಷ ಹಳದಿ ಬಣ್ಣದ ಅಡಿಯಲ್ಲಿ ಭದ್ರ, ನೂಲಿನಂಗಡಿಗೆ ಹೋದರೆ ಇಬ್ಬರೂ ಸಮ, ಹಾಗೇ ಮಾಡು ಮಾರಾಯ ಅಂದಿತು ಒಂದು ಮನಸ್ಸು. ಆದರೆ ನೆಲ ಓರೆ ಇದ್ದರೆ, ಟೇಪು ಒಂದು ಕೂದಲು ಜಗ್ಗಿದರೆ, ಎಂಟರ ಬದಲು ಒಂಬತ್ತು ಅಂದುಬಿಟ್ಟರೆ, ಮೂರನೇದು, ನಂಬರು ಹೋಯಿತು, ಆಂಬುಲೆನ್ಸಿನ ಮಂಚ, ಮತ್ತೆ ಸಾಲು, ಮತ್ತೆ ಅರ್ಜಿ, ಮತ್ತೆ ಗಾಡಿಯ ಅಡಿಗೆ ಮಲಗುವುದು, ಅವನಿಗೆ ಸಾಕಾಗಿತ್ತು, ನಿಜವಾಗಿ ಸಾಕಾಗಿತ್ತು, ಭುಜ ಉರಿಯುತ್ತಿತ್ತು, ಬೆವರು ಕಣ್ಣಿಗೆ ಇಳಿಯುತ್ತಿತ್ತು, ಗುಳ್ಳೆ ಎಡಕ್ಕೆ ಸರಿದು ತುದಿಗೆ ಅಂಟಿಕೊಂಡದ್ದು ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತಿತ್ತು, ಕೈ ತಾನಾಗಿ ತಿರುಗಿಸಿತು, ಮೂರು, ಮೂವತ್ತೆರಡು ಕಿಲೋದ ಹೆಂಡತಿ, ಅಂಥ ಹೆಂಡತಿ ಇಲ್ಲ, ಇರುವುದು ಬೇಡ, ನಾಲ್ಕು, ಐದು, ಇನ್ನು ಹನ್ನೆರಡು ಕಿಲೋ, ಮಗುವಿನ ತೂಕ, ಆರು. ನಿಂತ. ಆಮೇಲೆ ಹಿಂದಿನ ಚಕ್ರಕ್ಕೆ ಹೋಗಿ ಅಲ್ಲೂ ಆರು ಸುತ್ತು ಎಣಿಸಿದ, ಅಲ್ಲಿ ಕಿಲೋ ಎಣಿಸಲಿಲ್ಲ, ಬರೀ ಸುತ್ತು ಎಣಿಸಿದ, ಜಾಕು ಇಳಿಸಿ ಗಾಡಿಯನ್ನು ಗೋಡೆಯ ಆಚೆ ಈಚೆ ಹತ್ತು ಸಲ ಓಡಿಸಿ ಕೂರಿಸಿದ.

ಮರದ ತುಂಡು ಈ ಸಲ ಸೈಲೆನ್ಸರಿನ ಮಣ್ಣು ಸವರಿಕೊಂಡೇ ಹಾಯಿತು, ಆದರೆ ಹಾಯಿತು, ಬಾನೆಟ್ಟಿನ ಮೇಲೆ ರಸಮಟ್ಟ ಇಟ್ಟಳು, ಅವನು ಸ್ಟಿಯರಿಂಗ್ ಹಿಡಿದುಕೊಂಡು ಗಾಜಿನೊಳಗಿಂದ ನೋಡಿದ, ಗುಳ್ಳೆ ಒಂದು ಸಲ ಅತ್ತ ತೂಗಿತು, ಇತ್ತ ತೂಗಿತು, ಬಂದು ಎರಡು ಗೆರೆಗಳ ನಡುವೆ ನಿಂತಿತು. ಏನ್ ಯಜಮಾನ್ರೇ, ಒಂದು ಮಿಲಿಮೀಟರೂ ಇಲ್ಲ, ಇಷ್ಟು ಸಮ ಇರೋ ಗಾಡಿ ನಾನು ಈ ವರ್ಷ ನೋಡಿಲ್ಲ ಅಂದಳು, ಇಪ್ಪತ್ತೆಂಟು ವರ್ಷದಲ್ಲಿ ಅವನ ಕೆಲಸವನ್ನು ಯಾರೂ ಇಷ್ಟು ಬಾಯ್ತುಂಬ ಹೊಗಳಿರಲಿಲ್ಲ, ಅವನು ಸ್ಟಿಯರಿಂಗಿಗೆ ಹತ್ತಿದ ಗ್ರೀಸನ್ನು ಅಂಗಿಯಿಂದ ಒರೆಸತೊಡಗಿದ. ಕಾಗದ ತೆಗೆದು ಬರೆಯತೊಡಗಿದಳು, ಬಣ್ಣ ಏನು, ಬಿಳಿ, ನಂಗೂ ಕಾಣುತ್ತೆ, ಆದ್ರೂ ನೀವು ಹೇಳ್ಬೇಕು ನಾನು ಬರೀಬೇಕು, ಹಾಗಿದೆ ರೂಲ್ಸು, ಸಾಮಾನ್ಯವಾಗಿ ಎಷ್ಟು ಜನ ಓಡಾಡ್ತೀರಿ ಇದರಲ್ಲಿ, ಅವನು ಬಾಯಿ ತೆರೆದ, ಇಬ್ಬರು ಅನ್ನಬೇಕು, ಇಬ್ಬರು ಅಂದರೆ ಮತ್ತೆ ಪಕ್ಕದ ಸೀಟಿನ ಮಾತು ಬರುತ್ತದೆ, ಹಾಗಾದ್ರೆ ಯಾಕೆ ತೆಗೆದ್ರಿ ಅನ್ನುತ್ತಾಳೆ, ಮತ್ತೆ ಅಳೆಯುತ್ತಾಳೇನೋ, ಒಬ್ನೇ ಅಂದ. ಅವಳು ಬರೆದುಕೊಂಡಳು. ಒಂದು ಅಂಕಿ, ಒಂದು ಗೀಟು, ಅಷ್ಟೇ. ಹಳದಿ ಡಬ್ಬಿ ತಂದು ಬ್ರಶ್ಶಿನ ತುದಿಯಿಂದ ನಾಲ್ಕೂ ಬಳೆಗೆ ನಾಲ್ಕು ಚುಕ್ಕೆ ಇಟ್ಟಳು, ಇನ್ನು ಎರಡು ವರ್ಷ ಇದನ್ನ ಮುಟ್ಟೋ ಹಾಗಿಲ್ಲ ಯಜಮಾನ್ರೇ, ಹೀಗೇ ಇರ್ಬೇಕು, ಎದ್ದೇಳ್ಬೇಡಿ, ಸೀಲ್ ಹಾಕಿಸ್ಕೊಂಡ್ ಬರ್ತೀನಿ ಅಂತ ಕಾಗದ ಹಿಡಿದು ಒಳಗೆ ಹೋದಳು, ರಸಮಟ್ಟ ಬಾನೆಟ್ಟಿನ ಮೇಲೇ ಉಳಿಯಿತು, ಗುಳ್ಳೆ ನಡುವೆ. ಎರಡು ವರ್ಷ, ಎರಡು ವರ್ಷ ಎಂದರೆ ಎಷ್ಟು, ಅಷ್ಟು ಹೊತ್ತಿಗೆ ಅವಳು, ಇಲ್ಲ, ಅದನ್ನು ಯೋಚಿಸಬೇಡ, ಬಣ್ಣ ಕಾಣದ ಹಾಗೆ ಕೆರೆದು ಎರಡು ಸುತ್ತು, ಇಲ್ಲ, ಪೊಲೀಸು, ಒಂದು ಗುಳ್ಳೆ ಇಷ್ಟು ಹೊತ್ತು ಅಲುಗದೆ ನಿಲ್ಲುತ್ತದೆಯೇ, ಗಾಳಿ ಬೀಸಿದರೂ ಗಾಡಿ ಸ್ವಲ್ಪ ತೂಗುತ್ತದೆ, ಇದು ತೂಗುತ್ತಿಲ್ಲ, ಜೇಬಲ್ಲಿ ಫೋನು ನಡುಗಿತು, ಏನ್ ಮೇಸ್ತ್ರಿ, ಪಾಸೋ ಫೇಲೋ, ಪಾಸು ಕಣೇ, ನಿಜವಾಗ್ಲೂ, ನಿಜವಾಗ್ಲೂ, ಹಾಗಾದ್ರೆ ಬೇಗ ಬನ್ನಿ, ನಾನು ಆಗ್ಲೇ ದಿಂಬಿನ ಮೇಲೆ ಕೂತು ರೆಡಿ, ಇವಳು ತಲೆ ಬಾಚಿದ್ಲು, ಗೇಟಿನ ಹತ್ರಾನೇ ಇದೀನಿ, ಬಿಸಿಲಿದೆ, ಪರ್ವಾಗಿಲ್ಲ, ಯಾಕೆ ಮಾತಾಡ್ತಿಲ್ಲ, ಏನಾಯ್ತ್ರೀ, ಏನಿಲ್ಲ, ಸುಸ್ತು, ಬಂದೆ, ಬಂದೆ ಕಣೇ. ಫೋನು ಆರಿತು. ಒಳಗೆ ಎಲ್ಲೋ ಸೀಲ್ ಹಾಕುವ ಸದ್ದು, ಧಡ್, ಅವನು ಎಡಗೈಯನ್ನು ಪಕ್ಕದ ಸೀಟಿನ ಮೇಲೆ ಇಟ್ಟ, ಅವಳು ಕೂರುವ ಜಾಗದಲ್ಲಿ ಬಟ್ಟೆ ತಗ್ಗಿದೆ, ಒತ್ತಿದ, ಇಲ್ಲಿ ಭಾರ ಬಿದ್ದರೆ ಗುಳ್ಳೆ ಬಲಕ್ಕೆ ಸರಿಯಬೇಕು, ಗುಳ್ಳೆ ನಡುವೆ, ಮೈಯ ಭಾರವನ್ನೆಲ್ಲ ಆ ಕೈ ಮೇಲೆ ಹಾಕಿ ಒತ್ತಿದ, ಬಾರೇ, ಒಂದಿಷ್ಟು, ಒಂದು ಗೆರೆ ಆಚೆ, ಇನ್ನೂ ಒತ್ತಿದ, ಗುಳ್ಳೆ ನಡುವೆ, ಎರಡು ಕಪ್ಪು ಗೆರೆಗಳ ನಡುವೆ, ಹಸಿರು ನೀರಲ್ಲಿ, ನಡುವೆ —